ಬೆರಳಿಗೆ ಮಸಿ ಹತ್ತದ ಓಣಿ

೧೫ ನವೆಂಬರ ೧೯೫೩, ರವಿವಾರ. ಲಕ್ಷ್ಮೇಶ್ವರ

ವೈದ್ಯ ವೆಂಕಟೇಶಾಚಾರ್ಯರ ಮಾತಿಗಾಗಿ ಈ ವಹಿ ಹಿಡಿದು ಕೂತಿದ್ದೇನೆ. ನಿನ್ನೆ ಕಟ್ಟೆಯ ಮೇಲೆ ನಿಂತು ಯಾರಿಗೋ ಬೈಯುತ್ತಿದ್ದೆ. ಬೈಗಳ ನಡುವೆ ಕಣ್ಣಿಗೆ ಕತ್ತಲೆ ಬಂದು ಗೋಡೆ ಹಿಡಿಯಬೇಕಾಯಿತು. ಆಚಾರ್ಯರು ನಾಡಿ ನೋಡಿ ನಕ್ಕರು.

"ಬೀರಲಿಂಗಪ್ಪಾ, ನಿನ್ನ ಜಡ್ಡು ಹೊಟ್ಟೀದಲ್ಲ, ಬಾಯೀದು. ಸಿಟ್ಟು ಬಂದ್ರ ಒದರಬ್ಯಾಡ, ಬರಿ. ಬರಿಯೋದ್ರಾಗ ಅರ್ಧಾ ಇಳೀತದ."

ಮೂರನೆಯ ಇಯತ್ತೆಯಲ್ಲಿ ಮಾಸ್ತರರು ಕಿವಿ ಹಿಂಡಿದರೆಂದು ಪಾಟಿಯನ್ನು ಅವರ ಮೇಜಿಗೆ ಬಡಿದು ಒಡೆದು ಬಂದವನು ನಾನು. ಆಮೇಲೆ ಬರೆದದ್ದೆಲ್ಲ ಕಂಬಳಿ ಮಾರಿದ ಲೆಕ್ಕ. ಈಗ ಮುಪ್ಪಿನಲ್ಲಿ ಬೈಗಳ ಬರೆಯುವ ಯೋಗ ಬಂದಿದೆ.

ಆದರೆ ಇವತ್ತು ಬೈಯಲು ಕಾರಣವಿಲ್ಲ. ಒಂದು ಒಳ್ಳೆಯ ಕೆಲಸವನ್ನೇ ಮಾಡಿದೆ. ಮುನ್ಸಿಪಾಲ್ಟಿಯ ಓಟಿನ ಪಟ್ಟಿ ಬರೆಯಲು ಶಿರಹಟ್ಟಿ ಕಚೇರಿಯ ಕಾರಕೂನ ಬಂದಿದ್ದ. ಮನೆಮನೆಯ ಬಾಗಿಲು ಬಡಿಯುತ್ತ ಬಿಸಿಲಲ್ಲಿ ಬೆವರುತ್ತಿದ್ದ. ಕರೆದು ಕಟ್ಟೆಯ ಮೇಲೆ ಕೂಡಿಸಿದೆ.

"ಇಲ್ಲೇ ಕುಂಡ್ರು. ಈ ಕಂಬಳಿಯವರ ಓಣ್ಯಾಗ ನಾ ಅರಿಯದ ಮನಿ ಇಲ್ಲ. ನಾ ಹೇಳತೇನಿ, ನೀ ಬರಿ."

ಗಂಡಸರ ಹೆಸರೆಲ್ಲ ಮುಗಿದ ಮೇಲೆ ಆತ "ಹೆಣ್ಣಮಕ್ಕಳ ಹೆಸರ್ರಿ?" ಎಂದ.

"ಇಂಥವನ ಹೆಂಡತಿ ಅಂತ ಬರಿ, ಸಾಕು. ಹೆಂಗಸರ ಹೆಸರು ಗ್ವಾಡಿಗೆ ಅಂಟಿಸಿ ಓದಾಕ ಇರೋದಲ್ಲ."

ಆತ ಕೊಂಚ ತಡೆದು ಬರೆದುಕೊಂಡ. ಒಳಗಿನಿಂದ ಮನೆಯವಳು ಎರಡು ಸಲ ಬಳೆ ಸದ್ದು ಮಾಡಿದಳು. ಚಹಾಕ್ಕೆ ಬೆಲ್ಲ ತೀರಿರಬೇಕೆಂದು ಸುಮ್ಮನಾದೆ. ಒಂದು ದಿನದ ಕೆಲಸವನ್ನು ಒಂದು ತಾಸಿನಲ್ಲಿ ಮುಗಿಸಿಕೊಟ್ಟೆ. ಆತ ಕೈಮುಗಿದು ಹೋದ.


೨೧ ಫೆಬ್ರವರಿ ೧೯೫೪, ರವಿವಾರ

ಬಹಳ ದಿನ ಬರೆಯಲಿಲ್ಲ. ಬರೆಯುವಷ್ಟು ಸಿಟ್ಟು ಬಂದಿರಲಿಲ್ಲ. ಇವತ್ತು ಬಂದಿದೆ.

ಬಾವಿಯ ಗೇಟು! ನಮ್ಮ ಓಣಿಯ ತುದಿಯ ಸಿಹಿನೀರಿನ ಬಾವಿಯನ್ನು ತೋಡಿದವರು ನಮ್ಮ ಹಿರಿಯರು. ಕಾಳಿನ ವ್ಯಾಪಾರದ ವಿರೂಪಾಕ್ಷಪ್ಪ ಅದರ ಪಕ್ಕದಲ್ಲಿ ಕಾಳು ತುಂಬುವ ವಖಾರಿ ಕಟ್ಟಿಸಿದ. ಆಮೇಲೆ ದನ ಬಿದ್ದಾವು, ಕೂಸು ಬಿದ್ದಾವು ಎಂದು ಬಾವಿಯ ಸುತ್ತ ಗೋಡೆ ಎಬ್ಬಿಸಿ ಕಬ್ಬಿಣದ ಗೇಟು ಕೂಡಿಸಿ ಕೀಲಿ ಹಾಕಿಸಿದ. ಕೂಸಿನ ಚಿಂತೆಯೇನೂ ಅಲ್ಲ. ಕೊಡ ಹಿಡಿದ ಹೆಂಗಸರ ಸಾಲಿನಿಂದ ಅವನ ಜೋಳದ ಬಂಡಿಗಳು ನಿಲ್ಲಬೇಕಾಗುತ್ತಿತ್ತು. ಈಗ ಬೆಳಕು ಹರಿಯುವಾಗ ಗೇಟು ತೆರೆಯುತ್ತದೆ, ಮೊದಲ ಬಂಡಿ ಬಂದೊಡನೆ ಮುಚ್ಚುತ್ತದೆ. ಸಾಲಿನಲ್ಲಿ ಉಳಿದವರು ಊರ ಹೊರಗಿನ ಕೆರೆಗೆ ನಡೆಯಬೇಕು.

ಕೇಳುವವರು ಯಾರು? ಸಂಸ್ಥಾನದ ಕಾಲದಲ್ಲಿ ಮೆಂಬರ ಯಾರೆಂದು ಮೇಲಿನಿಂದ ಕಾಗದ ಬರುತ್ತಿತ್ತು. ಅದರಲ್ಲಿ ಯಾವಾಗಲೂ ವಿರೂಪಾಕ್ಷಪ್ಪನ ಹೆಸರೇ. ಸಂಸ್ಥಾನ ಮುಂಬಯಿ ಸರಕಾರದಲ್ಲಿ ಕೂಡಿ ಆರು ವರ್ಷವಾಯಿತು. ಈಗ ಹಾಗಿಲ್ಲ, ನಾವೇ ಆರಿಸಬೇಕು. ಬಂಡಿಯ ಗಾಲಿ ಮಾಡುವ ನಮ್ಮ ಶೇಖಸಾಬ ಎದುರು ನಿಂತಿದ್ದಾನೆ. ಅವನ ಗುರುತು ಗಾಲಿ, ಇವನದು ತಕ್ಕಡಿ.

"ಕಾಕಾ, ನಾ ಬ್ಯಾರೆ ಏನೂ ಹೇಳಂಗಿಲ್ಲ. ಆರಿಸಿ ಬಂದ್ರ ಮೊದಲನೇ ಸಭಾದಾಗ ಆ ಗೇಟು ತಗಸತೇನಿ. ನಟ್ಟು ಬಿಚ್ಚೋ ಪಾನಾನೂ ನನ್ನ ಕಡೇನ ಐತಿ" ಎಂದ. ಇಂಥ ಮಾತು ನನಗೆ ಸೇರುತ್ತದೆ. ಅವನ ಬೆನ್ನಿಗೆ ನಿಂತಿದ್ದೇನೆ.

ಇವತ್ತು ಮನೆಯವಳು ಖಾಲಿ ಕೊಡ ತಂದಳು. ಗೇಟು ಮುಚ್ಚಿದ್ದರಂತೆ. ಎರಡನೆಯ ಸಲ ಕೆರೆಗೆ ಹೊರಟಳು. ಮೊಣಕಾಲು ಹಿಡಿದುಕೊಂಡು ಕಟ್ಟೆ ಇಳಿದಳು. ಅದಕ್ಕೇ ಸಿಟ್ಟು ಬಂದದ್ದು. ಊಟ ತಡವಾಯಿತು.


೭ ಮಾರ್ಚ್, ರವಿವಾರ

ಈ ಊರಿನ ಗಂಡಸರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ತಣ್ಣೀರು ಸುರಿಯಬೇಕು. ಆದರೆ ಅಷ್ಟು ನೀರೆಲ್ಲಿದೆ?

ಹೋದ ವಾರ ಗದಗಿನಲ್ಲಿ ಕರ್ನಾಟಕ ಏಕೀಕರಣದ ಸಭೆಯಿತ್ತು. ಓಣಿಯ ಮಂದಿ ಮೋಟಾರಿನ ಟಪ್ಪಿನ ಮೇಲೆ ಕೂತು ಹೋಗಿ ಗಂಟಲು ಹರಿಯುವಂತೆ ಕೂಗಿ ಬಂದರು. ನಾನೂ ಹೋಗಿದ್ದೆ, ಕೂಗಿದ್ದೆ. ಅದರಲ್ಲಿ ತಪ್ಪಿಲ್ಲ. ಆದರೆ ಬೀದರದಿಂದ ಬಳ್ಳಾರಿಯವರೆಗೆ ನಾಡು ಒಂದಾಗಬೇಕೆಂದು ಕೂಗಿದವನಿಗೆ ಓಣಿಯ ತುದಿಯ ಬಾವಿ ಕಾಣುವುದಿಲ್ಲ. ಓಟು ಹದಿನೆಂಟಕ್ಕೆ ಎಂದರೆ ಆಕಳಿಸುತ್ತಾರೆ.

ಪಕ್ಕದ ಮನೆಯ ಹೇಮಪ್ಪ ಹೇಳಿದ್ದು ಇದು: "ನಾ ಒಬ್ಬ ಹೋಗದಿದ್ರ ಡಬ್ಬಿ ಮುಚ್ಚಿಬಿಡತಾರೇನ್ರಿ, ಮಾವ? ನಾ ಅವತ್ತ ಮುಂಡರಗಿಗೆ ಕಂಬಳಿ ಒಯ್ಯಬೇಕು."

"ಒಂದಿನ ತಡಾ ಮಾಡಿ ಒಯ್ಯಿ."

"ನೀವು ಹ್ಯಾಂಗೂ ಹೋಗತೀರಲ್ಲ, ನನ್ನದೂ ಒಂದು ಹಾಕಿ ಬರ್ರಿ."

ಮತ್ತೊಬ್ಬ ಇವನಿಗಿಂತ ಜಾಣ. "ಡಬ್ಬಿ ಮನಿಗೆ ಕಳಿಸಿದ್ರ ಮಕ್ಕೊಂಡಲ್ಲೇ ಹಾಕತಿದ್ದೆ ನೋಡ್ರಿ" ಎಂದು ಹಲ್ಲು ಕಿಸಿದ. ನೀರು ಮನೆಗೆ ನಡೆದು ಬರುತ್ತದೆಯಲ್ಲ, ಹೆಂಡತಿಯ ತಲೆಯ ಮೇಲೆ ಕೂತು! ಓಟೂ ಹಾಗೆಯೇ ಬರಲಿ ಎನ್ನುತ್ತಾನೆ.

ರೊಟ್ಟಿ ಬಡಿಯುತ್ತ ಮನೆಯವಳು ಕೇಳಿದಳು: "ಡಬ್ಬಿ ಎಷ್ಟಿರತಾವ? ಗಾಲಿ ಎಡಕ್ಕಿರತೈತೋ, ಬಲಕ್ಕಿರತೈತೋ?"

"ಅದೆಲ್ಲಾ ನಿನಗ್ಯಾಕ? ಗಾಲಿ ಕಂಡಲ್ಲಿ ಚೀಟಿ ಹಾಕು, ಮನಿಗೆ ಬಾ" ಎಂದೆ. ತಲೆ ಬಿಸಿಯಾಗಿತ್ತು.


೧೮ ಮಾರ್ಚ್, ಗುರುವಾರ

ಲೇಖನಿಯ ಟಾಕು ಮುರಿಯದಿದ್ದರೆ ಸಾಕು, ಅಷ್ಟು ಒತ್ತಿ ಬರೆಯುತ್ತಿದ್ದೇನೆ.

ಗಂಡುಮಕ್ಕಳ ಶಾಲೆಯಲ್ಲಿ ಓಟು. ಮುಂಜಾನೆಯೇ ಹೋಗಿ ಹಾಕಿ ಬಂದೆ. ಪರದೆಯ ಹಿಂದೆ ಎರಡು ಡಬ್ಬಿ, ಒಂದರ ಮೇಲೆ ತಕ್ಕಡಿಯ ಚಿತ್ರ, ಒಂದರ ಮೇಲೆ ಗಾಲಿಯದು. ಬೇಕಾದ ಡಬ್ಬಿಯಲ್ಲಿ ಚೀಟಿ ಹಾಕುವುದು. ಅಷ್ಟಕ್ಕೆ ಮುಂಚೆ ಎಡಗೈಯ ತೋರುಬೆರಳಿಗೆ ಮಸಿ ಹಚ್ಚುತ್ತಾರೆ, ಇನ್ನೊಮ್ಮೆ ಬರಬಾರದೆಂದು. ಇನ್ನೊಮ್ಮೆ ಬರುವ ಮಾತು ಹಾಗಿರಲಿ, ಒಮ್ಮೆ ಬರುವವರೇ ಇಲ್ಲ! ಓಣಿಯ ಗಂಡಸರಲ್ಲಿ ಅರ್ಧದಷ್ಟೂ ಬರಲಿಲ್ಲ. ಒಳಗೆ ಕಾರಕೂನರು ತೂಕಡಿಸುತ್ತಿದ್ದರು.

ಬಿಸಿಲೇರುವ ಹೊತ್ತಿಗೆ ನಮ್ಮ ಓಣಿಯ ಹೆಂಗಸರು ಗುಂಪಾಗಿ ಬಂದರು. ಬಸುರಿಯ ಕುಬಸಕ್ಕೆ ಹೊರಟವರ ಹಾಗೆ ಮಡಿಸಿಟ್ಟ ಸೀರೆ ಉಟ್ಟಿದ್ದರು. ಸುಣ್ಣದ ಗೆರೆಯಾಚೆ ನಿಂತಿದ್ದ ನನಗೆ ಎದೆ ಉಬ್ಬಿತು. ನಮ್ಮ ಅಕ್ಕ ಮುದುಕವ್ವ ಹಿಂದೆ, ನಮ್ಮ ಮನೆಯವಳು ಮುಂದೆ. ಒಳಗೆ ಹೋದರು. ಒಳಗಿನಿಂದ ಗಂಡಸರ ನಗೆ ಕೇಳಿಸಿತು. ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಸೆರಗು ಮುಖಕ್ಕೆ ಎಳೆದುಕೊಂಡು ಸರಸರ ಹೊರಗೆ ಬಂದು ಹೋದರು. ಎಷ್ಟು ಜಲ್ದಿ ಕೆಲಸ ಮುಗಿಸಿದರು ಎಂದು ಖುಷಿಪಟ್ಟೆ.

ಸಂಜೆ ಶೇಖಸಾಬ ಮುಖ ಸಣ್ಣದು ಮಾಡಿಕೊಂಡು ಬಂದ. "ಕಾಕಾ, ನಮ್ಮ ಓಣಿ ಹೆಣ್ಣಮಕ್ಕಳೊಳಗ ಓಟು ಬಿದ್ದದ್ದು ಒಂದ ಒಂದಂತ."

ಮನೆಗೆ ಬಂದು ಉಣ್ಣಲು ಕೂತೆ. ರೊಟ್ಟಿ ಹಾಕುವ ಕೈ ನೋಡಿದೆ. ಬೆರಳಿಗೆ ಹಿಟ್ಟು ಹತ್ತಿತ್ತು. ಮಸಿ ಇರಲಿಲ್ಲ.

"ಓಟು ಹಾಕಲಿಲ್ಲೇನು?"

ಪಲ್ಯೆ ಬಡಿಸಿದಳು.

"ನಾ ಊರಿಗೆಲ್ಲಾ ಬುದ್ಧಿ ಹೇಳಿಕೋತ ಅಡ್ಡಾಡಾಕತ್ತೇನಿ, ನನ್ನ ಮನ್ಯಾಗ ಇದು!"

ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದಳು. ತಾಟು ದೂಡಿ ಎದ್ದೆ.


೧೯ ಮಾರ್ಚ್, ಶುಕ್ರವಾರ

ಬೆಳಕು ಹರಿಯುವಾಗಲೇ ಬಾವಿಗೆ ಹೋದೆ. ಗೇಟಿನ ಮುಂದೆ ಸಾಲು ನಿಂತಿತ್ತು. ಆಚಾರ್ಯರು ಬರೆ ಎಂದಿದ್ದರು, ಆದರೆ ಇದು ಬರೆಯುವ ಸಿಟ್ಟಲ್ಲ.

"ನಿಮಗ ನೀರು ಬೇಕಾಗಿಲ್ಲ! ಕೆರೀಗೆ ಹೋಗಿ ಸಾಯೋದ ಬೇಕಾಗೈತಿ. ಹಬ್ಬದ ಸೀರಿ ಉಟ್ಟು ಮೆರದು ಬಂದ್ರಿ, ಒಂದು ಚೀಟಿ ಹಾಕಾಕ ಕೈ ಸೆಟದು ಹೋಗಿದ್ವೇನು? ವಿರೂಪಾಕ್ಷಪ್ಪ ಇನ್ನೊಂದು ಕೀಲಿ ಹಾಕಲಿ!"

ಎಲ್ಲರೂ ಕೊಡವನ್ನು ಬಗಲಿಗೆ ಒತ್ತಿಕೊಂಡರು. ನೆಲ ನೋಡುತ್ತ ನಿಂತರು. ಮನೆಯವಳೂ ಸಾಲಿನಲ್ಲಿದ್ದಳು. ಅಕ್ಕನೊಬ್ಬಳೇ ಸಿಂಬಿ ಸರಿಮಾಡಿಕೊಂಡು "ಆತೇನಪಾ ತಮ್ಮಾ? ಇನ್ನೂ ಐತೋ?" ಎಂದಳು. ಅವಳ ಬೆರಳಿಗೆ ಮಸಿ ಹತ್ತಿತ್ತು. ಆ ಒಂದು ಓಟು ಅಕ್ಕನದೇ! ನಮ್ಮ ಮನೆತನದ ರಕ್ತ, ಮತ್ತೇನು? ಎಲ್ಲರ ಮುಂದೆ ಹೊಗಳಿದೆ. ಅವಳು ನಕ್ಕು ಕೊಡ ಎತ್ತಿಕೊಂಡಳು. ಆ ನಗೆ ನನಗೆ ಸೇರಲಿಲ್ಲ.


೨೨ ಮಾರ್ಚ್, ಸೋಮವಾರ

ಸೂರ್ಯ ಯಾವ ಕಡೆ ಮೂಡಿದನೋ. ನಮ್ಮ ವಾರ್ಡಿನ ಎಣಿಕೆ ನಿಂತಿದೆ. ಓಟಿನ ದಿನ ಮಧ್ಯಾಹ್ನ ಒಂದು ಡಬ್ಬಿಯ ಚಿತ್ರ ಕಳಚಿ ಬಿದ್ದದ್ದನ್ನು ತೂಕಡಿಸುವ ಕಾರಕೂನರು ಬಹಳ ಹೊತ್ತು ನೋಡಿರಲಿಲ್ಲವಂತೆ. ಯಾರ ಚೀಟಿ ಎಲ್ಲಿ ಬಿದ್ದಿತೋ ಗೊತ್ತಿಲ್ಲವೆಂದು ಏಪ್ರಿಲ್ ನಾಲ್ಕಕ್ಕೆ ಹೊಸದಾಗಿ ಓಟು. ಈ ಸಲ ಬಲಗೈ ಬೆರಳಿಗೆ ಮಸಿಯಂತೆ.

ದೇವರು ಇನ್ನೊಂದು ಅವಕಾಶ ಕೊಟ್ಟ. ಯಾರಿಗೆ ಕೊಟ್ಟ? ಈ ಮಂದಿಗೆ! ನೀರಿನಲ್ಲಿ ಹಾಕಿದ ಹಾಗೆ.

ಮನೆಯವಳು ಮಾತಾಡುತ್ತಿಲ್ಲ. ಊಟಕ್ಕಿಟ್ಟು ತಾಟನ್ನು ನೆಲಕ್ಕೆ ಕುಟ್ಟುತ್ತಾಳೆ, ಬಂದು ಉಣ್ಣಬೇಕೆಂದು ಅರ್ಥ.


೨೫ ಮಾರ್ಚ್, ಗುರುವಾರ

ಶೇಖಸಾಬನ ಮನೆಗೆ ಹೋಗಿದ್ದೆ. ಉಮೇದುವಾರನ ಹೆಂಡತಿ ಹಸೀನಾಬಿಯೂ ಓಟು ಹಾಕಿಲ್ಲ! ಅದನ್ನೇ ಕೇಳಿದೆ.

"ಗಂಡ ನಿಂತಾನ, ಹೆಂಡತಿ ಓಟಿಲ್ಲ. ಮಂದಿ ಯಾಕ ಹಾಕಬೇಕವ್ವಾ?"

ಹಸೀನಾಬಿ ಒಳಬಾಗಿಲಲ್ಲಿ ನಿಂತು, "ಬಾವಿ ಮುಂದ ಬೈದದ್ದು ಸಾಲಲಿಲ್ಲೇನು ಕಾಕಾ, ಮನಿಗೆ ಬಂದು ಬೈಯ್ಯಾಕತ್ತೀರಿ?" ಎಂದು ಒಳಗೆ ಹೋದಳು. ಶೇಖಸಾಬ ಕೈ ಚೆಲ್ಲಿದ. "ನಾನೂ ಕೇಳಿ ಸಾಕಾಗೇನಿ. ಬಾಯಿ ಬಿಡವಲ್ಲಳು. ನನ್ನ ಮ್ಯಾಲೆ ಏನ್ ಸಿಟ್ಟೈತೋ."

ಅಲ್ಲಿಂದ ನೇರವಾಗಿ ಅಕ್ಕನ ಮನೆಗೆ ಹೋದೆ. ಉಣ್ಣೆ ಹಿಂಜುತ್ತ ಕೂತಿದ್ದಳು. ಹೇಳದಿದ್ದರೆ ಏಳುವುದಿಲ್ಲವೆಂದು ಕೂತೆ.

"ಹೇಳತೇನಿ ಕೇಳು. ಶಾಲಿಯೊಳಗ ಓಟಿನ ಕಾರಕೂನ ಪಟ್ಟಿ ಹಿಡಕೊಂಡು ಕುಂತಿದ್ದ. 'ಇದರಾಗ ನಿಮ್ಮ ಹೆಸರಿಲ್ಲ, ಬರೇ ಇಂಥವನ ಹೆಂಡತಿ ಅಂತ ಐತಿ. ಗಂಡನ ಹೆಸರು ಹೇಳ್ರಿ' ಅಂದ. ಗಂಡಸರ ಸಾಲು ಅಲ್ಲೇ ಬಾಜೂಕ. ಮುಂದಿದ್ದಾಕಿ ನಿನ್ನ ಹೆಂಡತಿ. ಹೆಂಗ ಹೇಳಬೇಕು? 'ಕಂಬಳಿ ಕಟ್ಟೀ ಮನಿಯವ್ರು' ಅಂದ್ಳು. 'ಕಟ್ಟಿಗೆ ಓಟಿಲ್ಲವ್ವಾ, ಹೆಸರು ಹೇಳು' ಅಂದ. ಗಂಡಸ್ರು ನಕ್ಕರು. ಹಸೀನಾಬಿ 'ಗಾಲಿಯವ್ರು' ಅಂದ್ಳು. ಮತ್ತ ನಕ್ಕರು. 'ಹೆಸರು ಹೇಳದಿದ್ರ ಚೀಟಿ ಇಲ್ಲ, ಸರೀರಿ' ಅಂದ. ಸರದ್ರು."

"ನೀ?"

"ನನ್ನ ಗಂಡ ಸತ್ತು ಹನ್ನೆರಡು ವರ್ಷ ಆತು. ಸತ್ತವನ ಹೆಸರು ಹೇಳಿದ್ರ ಅವನ ಆಯುಷ್ಯ ಏನು ಕಡಿಮಿ ಆಗತೈತಿ? ಹೇಳಿದೆ, ಹಾಕಿದೆ. ನೀ ನಿನ್ನ ರಕ್ತ ಅಂತ ಎದಿ ಬಡಕೊಂಡಿ."

ಎದ್ದು ನಿಂತೆ. ಆ ಕಾರಕೂನನ ಮೇಲೆ ಬಂದ ಸಿಟ್ಟನ್ನು ಇಲ್ಲಿ ಬರೆದರೆ ಕಾಗದ ಸುಟ್ಟೀತು. ಹೆಣ್ಣುಮಕ್ಕಳನ್ನು ನಿಲ್ಲಿಸಿ ನಗುವುದೇ? ಆದರೆ ಇವರಿಗಾದರೂ ಏನು? ಒಂದು ಹೆಸರು ಹೇಳಿದರೆ ನಾಲಿಗೆ ಬಿದ್ದುಹೋಗುತ್ತಿತ್ತೇ? ಅದನ್ನೇ ಅಕ್ಕನಿಗೂ ಅಂದೆ.

"ಹೌದಲ್ಲ? ಹಂಗಾರ ನೀ ಒಮ್ಮೆ ನಿನ್ನ ಹೆಂಡತಿ ಹೆಸರು ಹಿಡದು ಕರಿ, ನೋಡೂಣು. ಇಲ್ಲೇ, ನನ್ನ ಮುಂದ. ಆಕೀನೂ ಇಲ್ಲಿಲ್ಲ."

ಅದೇನು ದೊಡ್ಡ ಮಾತು ಎಂದು ಬಾಯಿ ತೆರೆದೆ. ಕೆಮ್ಮು ಬಂತು. ಈ ಕೆಮ್ಮಿನ ಮಾತು ಆಚಾರ್ಯರಿಗೆ ಹೇಳಬೇಕು.


೨೭ ಮಾರ್ಚ್, ಶನಿವಾರ

ಬಂಡಿ ಕಟ್ಟಿಸಿಕೊಂಡು ಶಿರಹಟ್ಟಿ ಕಚೇರಿಗೆ ಹೋಗಿ ಬಂದೆ. ಓಟಿನ ಸಾಹೇಬರು ಮೆತ್ತಗಿನ ಮನುಷ್ಯ. ಅದರಿಂದ ನನ್ನ ದನಿ ಇನ್ನೂ ಏರಿತು.

"ಹೆಣ್ಣಮಕ್ಕಳಿಗೆ ಗಂಡನ ಹೆಸರು ಕೇಳೋದು ಯಾವ ರೀತಿ ಸಾಹೇಬ್ರ? ಅವರವರ ಹೆಸರು ಕೇಳಿ ಚೀಟಿ ಕೊಡ್ರಿ."

"ಅವರವರ ಹೆಸರು ಪಟ್ಟಿಯೊಳಗ ಇದ್ರಲ್ಲೇನ್ರಿ ಯಜಮಾನ್ರ?" ಸಾಹೇಬರು ಪಟ್ಟಿ ತಿರುವಿದರು. "ಬ್ಯಾರೆ ಓಣಿಯೊಳಗ ಹೆಸರು ಅದಾವ. ನಿಮ್ಮ ಓಣಿಯೊಳಗ ಅಷ್ಟ ಎಲ್ಲಾರೂ ಹೆಂಡತಿ, ಹೆಂಡತಿ ಅಂತ ಐತಿ. ಯಾವನೋ ಶಾಣ್ಯಾ ಮುದುಕ ಕಟ್ಟಿ ಮ್ಯಾಲೆ ಕುಂತು ಹಿಂಗ ಬರಿಸಿದ ಅಂತ ನಮ್ಮ ಕಾರಕೂನ ಹೇಳತಾನ. ಈಗ ತಿದ್ದಾಕ ಬರಂಗಿಲ್ಲ. ಮುಂದಿನ ಪಟ್ಟೀಗೆ ನೋಡೂಣು."

"ಅಂಥವನಿಗೆ ಕಟ್ಟಿ ಇಳಿಸಿ ಹೊಡೀಬೇಕು" ಎಂದು ನಾನೂ ಅಂದೆ. ಏನಾದರೂ ಅನ್ನಬೇಕಿತ್ತಲ್ಲ.

ಬರುವಾಗ ದಾರಿಯಲ್ಲಿ ಬಂಡಿಯವ ಎರಡು ಸಲ ಕೇಳಿದ, ತಲೆ ತಿರುಗುತ್ತದೆಯೇ, ಯಾಕೆ ಸುಮ್ಮನಿದ್ದೀರಿ ಎಂದು. ಬಿಸಿಲು ಬಹಳವಿತ್ತು.


೩೧ ಮಾರ್ಚ್, ಬುಧವಾರ

ಮನೆಯವಳನ್ನು ನಾನೇ ಮೊದಲು ಮಾತಾಡಿಸಿದೆ. ಕಚೇರಿಗೆ ಹೋಗಿದ್ದನ್ನು ಹೇಳಿದೆ. ಅವಳು ರಾಟಿ ನಿಲ್ಲಿಸಲಿಲ್ಲ.

"ನೀವು ಆ ಕಾರಕೂನಗ ಬರಿಸುವಾಗ ನಾ ಬಳಿ ಬಾರಿಸಿದ್ದೆ."

"ಬೆಲ್ಲಕ್ಕಂತ ತಿಳಿದಿದ್ದೆ."

"ಬೆಲ್ಲ ಡಬ್ಬಿ ತುಂಬ ಇತ್ತು."

ಮತ್ತೆ ಸ್ವಲ್ಪ ನೂತಳು. "ಆ ಶಾಲಿಯೊಳಗ ನಕ್ಕಾಗ ಕಣ್ಣಾಗ ನೀರು ಬಂದಿತ್ತು, ಖರೆ. ಆದ್ರ ಅವರೆಲ್ಲಾ ಬ್ಯಾರೆ ಮಂದಿ. ಮರುದಿನ ಬಾವಿ ಮುಂದ ನೀವು ಬೈದ್ರಲ್ಲ, ಅದು ಮನಿ ಮಂದಿ ಬೈದದ್ದು. ದಿನಾ ಕೆರೀಗೆ ಹೋಗವ್ರು ನಾವು. ನಮಗ ನೀರು ಬೇಕಾಗಿಲ್ಲ ಅಂದ್ರಿ."

ನನಗೆ ಉತ್ತರ ಇತ್ತು. ಹೊರಗೆ ಯಾರೋ ಕರೆದರು, ಎದ್ದು ಹೋದೆ.

ಮಧ್ಯಾಹ್ನ ಬಂದರೆ ಪಡಸಾಲೆಯ ತುಂಬ ಓಣಿಯ ಹೆಂಗಸರು! ಹಸೀನಾಬಿಯೂ ಇದ್ದಳು. ಗಂಡನ ಹೆಸರು ಸೇರಿಸಿ ಪದ ಕಟ್ಟಿ ಹೇಳುವ ಒಡಪಿನ ಆಟ ನಡೆದಿತ್ತು. ಮದುವೆಯಲ್ಲಿ, ಕುಬಸದಲ್ಲಿ ಹಿಡಿದು ನಿಲ್ಲಿಸಿ ಹೇಳಿಸುತ್ತಾರಲ್ಲ, ಅದು. ಒಡಪಿನಲ್ಲಿ ಹೇಳಿದರೆ ದೋಷವಿಲ್ಲವಂತೆ. ನನ್ನ ಹೆಸರನ್ನು ಮನೆಯವಳು ಬಾಯಿಬಿಟ್ಟು ಹೇಳಿದ್ದು ನಮ್ಮ ಮದುವೆಯ ದಿನ ಒಮ್ಮೆಯೇ, ಅದೂ ಒಡಪಿನಲ್ಲಿ. ನನಗೆ ಆಗ ಸರಿಯಾಗಿ ಕೇಳಿಸಿರಲಿಲ್ಲ, ವಾಜಂತ್ರಿಯವರ ಓಲಗ ಜೋರಾಗಿತ್ತು.

"ಓಟು ನಾಲ್ಕು ದಿನಕ್ಕ ಬಂತು, ಇಲ್ಲಿ ಒಡಪು ಹೇಳಿಕೋತ ಕುಂತೀರಿ?" ಎಂದೆ.

"ನೀ ಹೊರಗ ನಡಿ. ಇದು ಗಂಡಸರ ಕೆಲಸ ಅಲ್ಲ" ಎಂದು ಅಕ್ಕ ಬಾಗಿಲು ಹಾಕಿಕೊಂಡಳು. ನನ್ನ ಮನೆಯ ಬಾಗಿಲು! ಒಳಗೆ ಒಂದೇ ನಗೆ. ಈ ಮಂದಿಗೆ ಯಾವ ಹೊತ್ತಿನಲ್ಲಿ ಏನು ಮಾಡಬೇಕೆಂಬುದೇ ತಿಳಿಯುವುದಿಲ್ಲ.


೪ ಏಪ್ರಿಲ್, ರವಿವಾರ

ಎಲ್ಲವನ್ನೂ ಕ್ರಮವಾಗಿ ಬರೆಯಬೇಕು.

ನಾನು ಗಂಡಸರ ಸಾಲಿನಲ್ಲಿದ್ದೆ. ಸಾಲು ಎನ್ನುವುದು ಮರ್ಯಾದೆಯ ಮಾತು, ಏಳೆಂಟು ಜನ. ಹೇಮಪ್ಪ ಮನೆಯಲ್ಲಿಯೇ ಮಲಗಿದ್ದ. ಹೆಂಗಸರು ಬಂದರು. ಅದೇ ಸೀರೆಗಳು. ಅದೇ ಕಾರಕೂನ.

ಮುಂದೆ ನಿಂತವಳು ಹೇಮಪ್ಪನ ಹೆಂಡತಿ. "ಗಂಡನ ಹೆಸರು?" ಎಂದ. ಆ ಹುಡುಗಿ ಸೆರಗು ಸರಿಮಾಡಿಕೊಂಡು ದನಿ ಎತ್ತಿದಳು:

"ಓಟು ಹಾಕ್ರಿ ಅಂದ್ರ ಮಲಗ್ಯಾರ ಕಂಬಳಿ ಹೊದ್ದು,
ಕೊಡಾ ಹೊತ್ತು ಹೊತ್ತು ನಮ್ಮ ನಡಾ ಹೋತು ಬಿದ್ದು,
ಹೇಮಪ್ಪನವರ ಹೆಸರು ಹೇಳೇನಿ, ಕೇಳ್ರಿ ಎಲ್ಲಾರೂ ಎದ್ದು!"

ಗಂಡಸರು ನಗಲು ಬಾಯಿ ತೆರೆದವರು ಹಾಗೆಯೇ ಮುಚ್ಚಿದರು. ಯಾರ ಸರದಿ ಮುಂದಿದೆಯೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕಾರಕೂನ ಹಣೆ ಗಂಟು ಹಾಕಿದ. "ಇದೇನು ಮದುವಿ ಮನಿಯೇನ್ರಿ? ಬರೇ ಹೆಸರು ಹೇಳ್ರಿ."

ಬಾಗಿಲ ಬಳಿ ನಿಂತಿದ್ದ ಅಕ್ಕ ಅಂದಳು: "ಬರೇ ಹೆಸರು ನಿಮ್ಮವ್ವ ಹೇಳ್ಯಾಳೇನು ತಮ್ಮಾ? ಮನಿಗೆ ಹೋಗಿ ಕೇಳು. ಆಕಿ ಹೇಳಿದ್ರ ನಾವೂ ಹೇಳತೇವಿ."

ಅವನು ತಲೆ ತಗ್ಗಿಸಿದ. ಮೀಸೆಯಲ್ಲಿ ನಗು ತಡೆದುಕೊಂಡದ್ದು ನನಗೆ ಕಂಡಿತು. ಚೀಟಿ ಹರಿದು ಕೊಟ್ಟ. ಆಮೇಲೆ ಒಬ್ಬೊಬ್ಬಳದೂ ಒಂದೊಂದು ಒಡಪು. ಹಸೀನಾಬಿ ಮಾತ್ರ ಪದ ಕಟ್ಟಲಿಲ್ಲ. ಗೋಡೆಗೆ ಅಂಟಿಸಿದ್ದ ಉಮೇದುವಾರರ ಕಾಗದದ ಕಡೆ ಬೆರಳು ತೋರಿಸಿದಳು.

"ಅದರಾಗ ಎರಡನೇದ್ದು, ಗಾಲಿ ಚಿತ್ರದ ಬಾಜೂಕ. ಸರಕಾರನ ಬರದು ಹಚ್ಚೈತಿ, ನಾ ಯಾಕ ಬಾಯಿ ನೋಯಿಸಿಕೊಳ್ಳಲಿ?"

ಶಾಲೆಯೇ ನಕ್ಕಿತು. ಈ ಸಲದ ನಗೆ ಬೇರೆ.

ಕೊನೆಗೆ ನಮ್ಮ ಮನೆಯವಳು. ನಾನು ಎರಡು ಮಾರು ದೂರದಲ್ಲಿದ್ದೆ. ನನ್ನ ಕಡೆ ನೋಡಲಿಲ್ಲ. ಕಾರಕೂನ ಕೇಳುವ ಮೊದಲೇ, "ನನ್ನ ಹೆಸರು ರಾಮವ್ವ. ಪಟ್ಟಿಯೊಳಗ ಇಲ್ಲ ಅಂತ ಗೊತ್ತೈತಿ. ಆದ್ರೂ ಕೇಳಿಕೊಂಡಿರು" ಎಂದಳು. ಆಮೇಲೆ ಒಡಪು:

"ನೂಲಿನಾಗ ನೂಲು, ಕರೀ ಕುರಿ ನೂಲು,
ಕೆರಿ ನೀರು ಹೊತ್ತು ಸವದಾವ ನನ್ನ ಎರಡೂ ಕಾಲು,
ಕಟ್ಟಿ ಮ್ಯಾಲೆ ಕುಂತು ಬೈತಾರ ಓಣಿ ಮಂದೀನ ಸಾಲು ಸಾಲು,
ಬೀರಲಿಂಗಪ್ಪನವರ ಹೆಸರು ಹೇಳೇನಿ, ಚೀಟಿ ಕೊಟ್ಟು ಬಿಡು ಬಾಗಿಲು!"

ಎಲ್ಲರೂ ನನ್ನನ್ನು ನೋಡಿ ನಕ್ಕರು. ನನ್ನ ಹಿಂದಿನವ ಬೆನ್ನು ತಟ್ಟಿದ. ಸಿಟ್ಟು ಬರಬೇಕಿತ್ತು. ಊರ ಮುಂದೆ ಬೈಯುವವನೆಂದು ಹಾಡಿದ್ದಾಳೆ, ಬರಲೇಬೇಕಿತ್ತು. ಬರಲಿಲ್ಲ. ಈ ಸಲ ವಾಜಂತ್ರಿ ಇರಲಿಲ್ಲ, ಸ್ವಚ್ಛ ಕೇಳಿಸಿತು. ನನ್ನ ಸರದಿ ಬಂದಾಗ ಕಾರಕೂನ "ಹೆಸರು?" ಎಂದ. "ಈಗ ಕೇಳಿದ್ಯಲ್ಲೋ" ಎಂದೆ.

ಮಧ್ಯಾಹ್ನ ಹೇಮಪ್ಪ ಟಾವೆಲು ಹೆಗಲಿಗೆ ಹಾಕಿಕೊಂಡು ಓಡುತ್ತ ಬಂದ. ಒಡಪಿನ ಸುದ್ದಿ ಮನೆಗೆ ಮುಟ್ಟಿತ್ತು. ಅವನ ಹಿಂದೆ ಇನ್ನೂ ಮೂವರು. ನೀರಿಗಾಗಿ ಬರದವರು ನಾಚಿಕೆಗಾಗಿ ಬಂದರು. ಥೂ.


೬ ಏಪ್ರಿಲ್, ಮಂಗಳವಾರ

ಗಾಲಿ ಗೆದ್ದಿತು. ಸ್ವಲ್ಪದರಲ್ಲೇ ಗೆದ್ದಿತು. ಓಣಿಯ ಹೆಂಗಸರು ಮನೆಯಲ್ಲಿ ಕೂತಿದ್ದರೆ ತಕ್ಕಡಿಯೇ. ಅಷ್ಟಾದರೂ ವಾರ್ಡಿನ ಅರ್ಧಕ್ಕರ್ಧ ಗಂಡಸರು ಹೊಸಿಲು ದಾಟಿಲ್ಲ. ಅವರನ್ನು ಏನೆಂದು ಬೈಯಬೇಕೆಂದು ಯೋಚಿಸುತ್ತಿದ್ದೇನೆ, ಹಳೆಯ ಬೈಗಳು ಸಾಲುತ್ತಿಲ್ಲ.


೨೦ ಏಪ್ರಿಲ್, ಮಂಗಳವಾರ

ಹೊಸ ಮುನ್ಸಿಪಾಲ್ಟಿಯ ಮೊದಲ ಸಭೆ ಆಗಲಿಲ್ಲ. ಸಾಕಷ್ಟು ಮೆಂಬರರು ಬರಲಿಲ್ಲವಂತೆ! ಒಬ್ಬನಿಗೆ ಮದುವೆ, ಒಬ್ಬನಿಗೆ ನಿದ್ದೆ. ಆರಿಸುವವರು ಹಾಗೆ, ಆರಿಸಿ ಬಂದವರು ಹೀಗೆ. ಶೇಖಸಾಬ ಪಾನಾ ಹಿಡಿದು ಹೋದವನು ಪಾನಾ ಹಿಡಿದೇ ಬಂದ. ಗೇಟಿಗೆ ಇನ್ನೂ ಕೀಲಿ ಇದೆ.

ಅಕ್ಕ ಬಂದು, "ಮುಂದಿನ ಸಭಾಕ್ಕ ಯಾವ ಮೆಂಬರ ಬರಂಗಿಲ್ಲೋ, ಅವನ ಮನಿ ಮುಂದ ಹೋಗಿ ಅವನ ಹೆಸರಿನ ಮ್ಯಾಲೆ ಒಡಪು ಹೇಳತೇವಂತ ಡಂಗುರ ಸಾರಸು" ಎಂದಳು. ಡಂಗುರದವನಿಗೆ ನಾನೇ ಹೇಳಿ ಬಂದೆ.


೨ ಮೇ, ರವಿವಾರ

ಶುಕ್ರವಾರದ ಸಭೆಗೆ ಮೆಂಬರರೆಲ್ಲ ಬಂದಿದ್ದರು, ಒಬ್ಬ ಜ್ವರದಲ್ಲಿಯೇ ಬಂದನಂತೆ. ಗೇಟು ತೆಗೆಯುವ ಠರಾವು ಆಯಿತು. ಇವತ್ತು ಮುಂಜಾನೆ ಶೇಖಸಾಬ ತನ್ನ ಕೈಯಿಂದಲೇ ಗೇಟು ಬಿಚ್ಚಿ ಗೋಡೆಗೆ ಆನಿಸಿದ. ವಿರೂಪಾಕ್ಷಪ್ಪ ವಖಾರಿಯ ಬಾಗಿಲಲ್ಲಿ ನಿಂತು ಜೋಳದ ಬಂಡಿಯನ್ನು ಹಿಂದಿನ ಓಣಿಯಿಂದ ತರಿಸಿಕೊಂಡ. ಬಂತಲ್ಲ, ಆ ದಾರಿಯಿಂದಲೂ! ಇಷ್ಟು ವರ್ಷವೂ ಬರಬಹುದಿತ್ತು!

ಸಂಜೆ ಮನೆಯವಳು ಬರುವುದು ತಡವಾಯಿತು. ಊಟದ ಚಿಂತೆಯಲ್ಲ, ಮೊಣಕಾಲು ನೋವೆಂದಿದ್ದಳು. ನೋಡಲು ಬಾವಿಗೆ ಹೋದೆ. ಅಲ್ಲಿ ಓಣಿಗೆ ಓಣಿಯೇ ನೆರೆದಿತ್ತು. ಎಲ್ಲರೂ ಬಾವಿಯ ಕಡೆ ಮುಖಮಾಡಿ ಹಗ್ಗ ಸೇದುತ್ತಿದ್ದರು. ಎಲ್ಲರ ಬೆನ್ನೂ ಒಂದೇ ತರಹ.

"ಏ" ಎಂದೆ.

ಎಲ್ಲ ಹೆಂಗಸರೂ ಒಮ್ಮೆಲೇ ತಿರುಗಿ ನೋಡಿದರು. ಅವಳೊಬ್ಬಳು ತಿರುಗಲಿಲ್ಲ. ಬಾವಿಯಲ್ಲಿ ಬಗ್ಗಿದ್ದಳು.

"ಯಾರನ್ನ ಕರದಿ ತಮ್ಮಾ? ಇಲ್ಲಿದ್ದವ್ರ ಎಲ್ಲಾರ ಹೆಸರೂ 'ಏ' ಅಂತನ ಐತಿ" ಎಂದಳು ಅಕ್ಕ.

ಬೇರೆ ದಾರಿ ಇರಲಿಲ್ಲ. ಕೆಮ್ಮಿ ಗಂಟಲು ಸರಿಮಾಡಿಕೊಂಡು ಕರೆದೆ:

"ರಾಮವ್ವಾ!"

ಹಗ್ಗದ ಸದ್ದು ನಿಂತಿತು. ಆಮೇಲೆ ಆ ನಗೆ! ಅಕ್ಕ "ಒಡಪು ಹೇಳು, ಒಡಪು ಹೇಳು, ಬರೇ ಹೆಸರು ನಡಿಯಂಗಿಲ್ಲ" ಎಂದು ಚಪ್ಪಾಳೆ ತಟ್ಟಿದಳು. ರಾಮವ್ವ ಕೊಡ ಮೇಲೆತ್ತಿ ಕಟ್ಟೆಗೆ ಇಟ್ಟು ನಿಧಾನವಾಗಿ ತಿರುಗಿದಳು. ಸೆರಗಿನ ತುದಿ ಬಾಯಿಗೆ ಹಿಡಿದಿದ್ದಳು.

"ಬೈಯ್ಯಾಕ ಬಂದ್ರೇನು, ಕೊಡಾ ಹೊರಾಕ ಬಂದ್ರೇನು?"

ಎಲ್ಲರೂ ನೋಡುತ್ತಿದ್ದರು. ಬಗ್ಗಿ ಒಂದು ಕೊಡ ಹೆಗಲಿಗೆ ಏರಿಸಿದೆ. ಕಂಬಳಿಯ ಹೊರೆ ಹೊತ್ತ ಹೆಗಲು ನನ್ನದು, ಮುಂಡರಗಿಯವರೆಗೆ ಹೊತ್ತು ನಡೆದಿದ್ದೇನೆ. ಆದರೆ ಕಂಬಳಿ ಕುಲುಕುವುದಿಲ್ಲ. ಈ ನೀರು ಹೆಜ್ಜೆಗೊಮ್ಮೆ ಒಂದು ಕಡೆ ಎಳೆಯುತ್ತದೆ, ಕಿವಿಯಲ್ಲಿ ಸುರಿಯುತ್ತದೆ, ಕುತ್ತಿಗೆ ಮುರಿಯುತ್ತದೆ. ಮನೆ ಮುಟ್ಟುವಷ್ಟರಲ್ಲಿ ಎರಡು ಕಡೆ ಇಳಿಸಿ ನಿಂತೆ. ರಾಮವ್ವ ತಲೆಯ ಮೇಲೊಂದು, ಬಗಲಲ್ಲೊಂದು ಹೊತ್ತು ಮುಂದೆ ಹೋಗಿ ಕಾಯುತ್ತ ನಿಲ್ಲುತ್ತಿದ್ದಳು.

ಅಲ್ಲ, ಈ ಮುನ್ಸಿಪಾಲ್ಟಿಯವರಿಗೆ ಓಣಿಗೊಂದು ನಳ ಹಾಕಿಸಲು ಏನು ಧಾಡಿ? ಇಷ್ಟು ವರ್ಷ ಯಾರೂ ಯಾಕೆ ಕೇಳಲಿಲ್ಲ? ನಾಳೆ ಮುಂಜಾನೆ ಹೋಗಿ ಕೇಳುತ್ತೇನೆ. ಶೇಖಸಾಬನನ್ನೇ ಮೊದಲು ಹಿಡಿಯುತ್ತೇನೆ.